ಮಕ್ಕಳ ಮೈಗೆ ಸೇರುವ ಸೀಸ: ನಮ್ಮ ಮನೆ, ನಮ್ಮ ಮಠಗಳ ಹೊಣೆ



ಬಸವ ಜಯಂತಿಗೆ ಇನ್ನೂ ಒಂದು ತಿಂಗಳು ಇರುವಾಗ ನಮ್ಮೂರ ಮಠದ ಶಿಶುವಿಹಾರಕ್ಕೆ ಬಣ್ಣ ಹಚ್ಚುವ ಕೆಲಸ ಶುರುವಾಯಿತು. ನಿವೃತ್ತ ಎಂಜಿನಿಯರ್ ಎಂಬ ಕಾರಣಕ್ಕೆ ನನ್ನನ್ನೂ ಕಟ್ಟಡ ಸಮಿತಿಯಲ್ಲಿ ಸೇರಿಸಿಕೊಂಡಿದ್ದಾರೆ. ಒಂದು ಮಧ್ಯಾಹ್ನ ಕೆಲಸ ನೋಡಲು ಹೋದೆ. ಇಬ್ಬರು ಹುಡುಗರು ಕಿಟಕಿಯ ಸರಳುಗಳ ಹಳೆಯ ಬಣ್ಣವನ್ನು ಉಜ್ಜು ಕಾಗದದಿಂದ ಒಣದಾಗಿಯೇ ಕೆರೆಯುತ್ತಿದ್ದರು. ಮೇಲಿನ ಹಸಿರು ಬಣ್ಣ ಹೋದಲ್ಲೆಲ್ಲ ಅಡಿಯಲ್ಲಿ ಕಿತ್ತಳೆ ಬೆರೆತ ಕೆಂಪು ಕಾಣುತ್ತಿತ್ತು. ಅದೇ ಪಡಸಾಲೆಯಲ್ಲಿ ನಲವತ್ತು ಮಕ್ಕಳು ಸಾಲಾಗಿ ಪ್ರಸಾದಕ್ಕೆ ಕುಳಿತಿದ್ದರು. ಧೂಳು ಗಾಳಿಗೆ ಹಾರಿ ಅವರ ತಟ್ಟೆಯ ಮೇಲೂ ತಲೆಯ ಮೇಲೂ ಬೀಳುತ್ತಿತ್ತು. ತುದಿಯಲ್ಲಿದ್ದ ಒಂದು ಮಗು ನೆಲದ ಮೇಲಿನ ಬಣ್ಣದ ಚಕ್ಕೆಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಿತ್ತು.

ನಾನು ಕೆಲಸ ನಿಲ್ಲಿಸಲು ಹೇಳಿದೆ. ಸಮಿತಿಯ ಖಜಾಂಚಿಗಳು ಒಳ್ಳೆಯವರು, ಮಠಕ್ಕಾಗಿ ಹಗಲಿರುಳು ದುಡಿಯುವವರು. ಅವರು ನಕ್ಕು, "ಇಷ್ಟ ವರ್ಷ ಇದ ಬಣ್ಣ ಹಚ್ಚೇವಿ. ಯಾರಿಗೆ ಏನಾಗೇತ್ರೀ ಸಾಹೇಬ್ರ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಆ ಹೊತ್ತಿಗೆ ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಈ ಲೇಖನ ಆ ಉತ್ತರ.

ನನ್ನದೇ ಲೆಕ್ಕ ಮೊದಲು

ಆ ಕಿತ್ತಳೆಗೆಂಪು ಬಣ್ಣ ನನಗೆ ಹೊಸದಲ್ಲ. ಅದು ರೆಡ್ ಲೆಡ್ ಪ್ರೈಮರ್, ಅಂದರೆ ಸೀಸದ ಆಕ್ಸೈಡಿನಿಂದ ಮಾಡಿದ ಮೊದಲ ಲೇಪ. ಕಬ್ಬಿಣ ತುಕ್ಕು ಹಿಡಿಯದಂತೆ ಅದು ಬಹಳ ಚೆನ್ನಾಗಿ ಕಾಯುತ್ತದೆ. ಗೇಟು, ಕಿಟಕಿ, ನೀರಿನ ಟ್ಯಾಂಕಿನ ಏಣಿ ಎಂದು ನನ್ನ ನೌಕರಿಯ ಅವಧಿಯಲ್ಲಿ ಎಷ್ಟೋ ಅಂದಾಜುಪಟ್ಟಿಗಳಲ್ಲಿ ನಾನೇ ಅದನ್ನು ಬರೆದಿದ್ದೇನೆ. ಇಂದು ಹೆಚ್ಚಾಗಿ ಬಳಸುವ ರೆಡ್ ಆಕ್ಸೈಡ್ ಬೇರೆ. ಅದು ಕಬ್ಬಿಣದ ಆಕ್ಸೈಡ್, ಇಟ್ಟಿಗೆಯ ಬಣ್ಣದ್ದು. ಎರಡನ್ನೂ ಜನ "ಕೆಂಪು ಪ್ರೈಮರ್" ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ.

ಎಂಬತ್ತರ ದಶಕದಲ್ಲಿ ನಾನು ನೌಕರಿಗೆ ಸೇರಿದ ಹೊಸದರಲ್ಲಿ ಕುಡಿಯುವ ನೀರಿನ ಯೋಜನೆಗಳಿಗೆ ಎರಕದ ಕಬ್ಬಿಣದ ಪೈಪು ಹಾಕುತ್ತಿದ್ದೆವು. ಒಂದು ಪೈಪಿನ ತುದಿಯನ್ನು ಇನ್ನೊಂದರ ಬಾಯೊಳಗೆ ಕೂರಿಸಿ, ಸಂದಿಗೆ ನಾರಿನ ಹುರಿ ತುರುಕಿ, ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಅದರೊಳಗೆ ಕರಗಿದ ಸೀಸ ಹೊಯ್ಯಬೇಕು. ನಾಲ್ಕಂಗುಲದ ಪೈಪಿನ ಒಂದೊಂದು ಜಾಯಿಂಟಿಗೆ ಎರಡು ಕಿಲೋಗೂ ಹೆಚ್ಚು ಸೀಸ ಬೇಕಾಗುತ್ತಿತ್ತು. ಕಂದಕದ ಪಕ್ಕದಲ್ಲೇ ಕೂಲಿಯವರ ಗುಡಿಸಲು. ಹಗಲು ಸೀಸ ಕಾಯಿಸಿದ ಒಲೆಯ ಹತ್ತಿರವೇ ಸಂಜೆ ಅಡುಗೆ. ನೆಲಕ್ಕೆ ಚೆಲ್ಲಿ ಗಟ್ಟಿಯಾದ ಸೀಸದ ಹನಿಗಳನ್ನು ಅವರ ಮಕ್ಕಳು ಗೋಲಿಯ ಹಾಗೆ ಆಡುತ್ತಿದ್ದರು. ಸೀಸಕ್ಕೆ ಬೆಲೆ ಇತ್ತು. ಆದ್ದರಿಂದ ಪ್ರತಿ ಕಿಲೋಗೂ ಅಳತೆ ಪುಸ್ತಕದಲ್ಲಿ ಲೆಕ್ಕ ಬರೆದು ಸಹಿ ಹಾಕುತ್ತಿದ್ದೆ. ಸೀಸ ಕಳುವಾಗದಂತೆ ಕಾಯ್ದೆ, ಮಕ್ಕಳನ್ನು ಸೀಸದಿಂದ ಕಾಯಲಿಲ್ಲ. ಆ ಮಕ್ಕಳ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ. ಅವರಿಗೆ ಏನಾಯಿತು ಎಂಬುದು ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ. "ಯಾರಿಗೆ ಏನಾಗೇತಿ" ಎಂಬ ಪ್ರಶ್ನೆಗೆ ಇದು ಉತ್ತರದ ಮೊದಲ ಭಾಗ: ನಾವು ನೋಡಲೇ ಇಲ್ಲ.

ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನಲ್ಲಿ ವಿಟ್ರೂವಿಯಸ್ ಎಂಬ ಎಂಜಿನಿಯರ್ ಕಟ್ಟಡ ವಿದ್ಯೆಯ ಮೇಲೆ ಬರೆದ ಪುಸ್ತಕದಲ್ಲಿ, ಕುಡಿಯುವ ನೀರಿಗೆ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯೇ ಮೇಲು ಎಂದು ಹೇಳಿದ್ದಾನೆ. ಸೀಸದ ಕೆಲಸಗಾರರ ಮೈ ಬಿಳಿಚಿಕೊಂಡಿರುವುದನ್ನು ಅವನು ಗಮನಿಸಿದ್ದ.

ಮಗುವಿನ ಮೈಯೊಳಗೆ ಏನಾಗುತ್ತದೆ?

ಸೀಸದಿಂದ ನಮ್ಮ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಆದರೆ ದೇಹ ಅದನ್ನು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ರಕ್ತಕ್ಕೆ ಸೇರಿದರೆ, ಎಳೆಯ ಮಗುವಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಸೇರಬಹುದು. ಅಂಬೆಗಾಲಿಡುವ ಮಗು ನೆಲಕ್ಕೆ ಹತ್ತಿರವಿರುತ್ತದೆ, ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ, ಅದರ ಮಿದುಳು ಆಗಷ್ಟೇ ಕಟ್ಟಿಕೊಳ್ಳುತ್ತಿರುತ್ತದೆ. ಹುಟ್ಟಿದಂದಿನಿಂದ ಆರು ವರ್ಷದವರೆಗೆ ಅಪಾಯ ಹೆಚ್ಚು ಎನ್ನುವುದು ಇದಕ್ಕೇ. ಮೈಗೆ ಸೇರಿದ ಸೀಸ ಮೂಳೆಯಲ್ಲಿ ಕುಳಿತರೆ ದಶಕಗಳ ಕಾಲ ಅಲ್ಲೇ ಇರುತ್ತದೆ. ಹೆಣ್ಣುಮಗು ಬೆಳೆದು ಬಸುರಿಯಾದಾಗ ಮೂಳೆಯಿಂದ ಹೊರಬಂದು ಹೊಟ್ಟೆಯಲ್ಲಿರುವ ಕೂಸಿಗೂ ದಾಟುತ್ತದೆ.

ಎಂಜಿನಿಯರನಾದ ನನಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ರಕ್ತದ ಒಂದು ಡೆಸಿಲೀಟರಿನಲ್ಲಿ, ಅಂದರೆ 100 ಮಿಲಿಲೀಟರಿನಲ್ಲಿ, 5 ಮೈಕ್ರೋಗ್ರಾಂ ಸೀಸ ಕಂಡರೆ ಅದರ ಮೂಲ ಹುಡುಕಿ ತೆಗೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು 800 ಮಿಲಿಲೀಟರ್ ರಕ್ತವಿರುತ್ತದೆ. ಹಾಗಾದರೆ ಇಡೀ ರಕ್ತದಲ್ಲಿ ಸೀಸ 40 ಮೈಕ್ರೋಗ್ರಾಂ ಮಾತ್ರ. ಒಂದು ಸಕ್ಕರೆ ಹರಳು ಇದಕ್ಕಿಂತ ಹತ್ತಾರು ಪಟ್ಟು ಭಾರ. ಇನ್ನು ನಮ್ಮ ಕಿಟಕಿಯ ಚಕ್ಕೆ ನೋಡೋಣ. ಅಸಲಿ ರೆಡ್ ಲೆಡ್ ಲೇಪ ಒಣಗಿದ ಮೇಲೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಸಾಸಿವೆ ಕಾಳಿನಷ್ಟು, ಎರಡು ಮಿಲಿಗ್ರಾಂ ತೂಗುವ ಚಕ್ಕೆಯಲ್ಲಿ 1,000 ಮೈಕ್ರೋಗ್ರಾಂ ಸೀಸವಿರುತ್ತದೆ. ಅದರ ಸ್ವಲ್ಪ ಭಾಗ ಮೈಗೆ ಹತ್ತಿದರೂ ಸಾಕು. ಆ ಮಗುವಿನ ಅಂಗೈಯಲ್ಲಿ ಅಂಥ ಚಕ್ಕೆಗಳು ಹತ್ತೋ ಹನ್ನೆರಡೋ ಇದ್ದವು.

ಈ ಪ್ರಮಾಣದಲ್ಲಿ ಮಗುವಿಗೆ ಜ್ವರ ಬರುವುದಿಲ್ಲ, ವಾಂತಿಯಾಗುವುದಿಲ್ಲ. ಬುದ್ಧಿ ಸ್ವಲ್ಪ ಕುಂದುತ್ತದೆ. ಗಮನ ನಿಲ್ಲುವುದಿಲ್ಲ, ಓದು ಹತ್ತುವುದಿಲ್ಲ, ಸಿಟ್ಟು ಹೆಚ್ಚುತ್ತದೆ. ರಕ್ತದಲ್ಲಿ ಸೀಸ ಸೊನ್ನೆಯಿಂದ 10 ಮೈಕ್ರೋಗ್ರಾಂಗೆ ಏರುವಾಗ ಆಗುವ ಬುದ್ಧಿಯ ನಷ್ಟ, 10ರಿಂದ 20ಕ್ಕೆ ಏರುವಾಗ ಆಗುವ ನಷ್ಟಕ್ಕಿಂತ ಹೆಚ್ಚು ಎಂದು ಸಂಶೋಧನೆಗಳು ತೋರಿಸಿವೆ. ಅದಕ್ಕೇ ಸುರಕ್ಷಿತ ಮಟ್ಟ ಎಂಬುದೇ ಗೊತ್ತಿಲ್ಲ ಎಂದು ವೈದ್ಯವಿಜ್ಞಾನ ಹೇಳುತ್ತದೆ. ಸೀಸವನ್ನು ಮೈಯಿಂದ ಹೊರಹಾಕುವ ಔಷಧಿ ಕೊಡುವುದು ಸಾಮಾನ್ಯವಾಗಿ 45 ಮೈಕ್ರೋಗ್ರಾಂ ದಾಟಿದ ಮೇಲೆ. ಅದು ಜೀವ ಉಳಿಸಬಹುದು, ಹೋದ ಬುದ್ಧಿಶಕ್ತಿಯನ್ನು ಮರಳಿಸಲಾರದು. ಮೈಗೆ ಸೇರದಂತೆ ತಡೆಯುವುದೊಂದೇ ಮದ್ದು.

ಇಂಥ ಮಗುವನ್ನು ಕಂಡಾಗ ನಮ್ಮ ಬಾಯಿಗೆ ಬರುವ ಮಾತು "ದಡ್ಡ" ಅಥವಾ "ಪಾಪ, ಅವನ ಹಣೆಬರಹ". ಹಣೆಬರಹವನ್ನು ಒಪ್ಪದ ಪರಂಪರೆ ನಮ್ಮದು. ಮನುಷ್ಯರೇ ತಂದು ಹಚ್ಚಿದ ಬಣ್ಣದ ಫಲವನ್ನು ಮಗುವಿನ ಹಣೆಗೆ ಅಂಟಿಸುವುದು ಯಾವ ನ್ಯಾಯ? ಹೆಚ್ಚು ಸೀಸ ಯಾರ ಮನೆಗೆ ಹೋಗುತ್ತದೆ ಎಂದೂ ನೋಡಬೇಕು. ಬ್ಯಾಟರಿ ಒಡೆಯುವವನ, ಬಣ್ಣ ಕೆರೆಯುವವನ, ಗುಜರಿ ಕರಗಿಸುವವನ ಬಟ್ಟೆಗೆ ಅಂಟಿಕೊಂಡು ಅದು ಅವನ ಮಕ್ಕಳ ಹಾಸಿಗೆಗೆ ಹೋಗುತ್ತದೆ. ಕಾಯಕದಲ್ಲಿ ಮೇಲುಕೀಳಿಲ್ಲ ಎನ್ನುವ ನಾವು, ಕಾಯಕ ಮಾಡುವವನ ಮಗುವಿಗೆ ಆ ಕಾಯಕದಿಂದಲೇ ವಿಷ ತಗಲುವುದನ್ನು ನೋಡಿ ಸುಮ್ಮನಿರಬಾರದು.

ಮನಸ್ಸು ಮಾಡಿದರೆ ಇಳಿಯುತ್ತದೆ

ಇದು ಕೈಮೀರಿದ ಸಮಸ್ಯೆಯಲ್ಲ. ಒಂದು ಕಾಲಕ್ಕೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಚಿಕ್ಕಮಕ್ಕಳ ರಕ್ತದಲ್ಲಿ ಸರಾಸರಿ 15 ಮೈಕ್ರೋಗ್ರಾಂನಷ್ಟು ಸೀಸವಿತ್ತು. ಪೆಟ್ರೋಲಿನಿಂದ, ಬಣ್ಣದಿಂದ, ಡಬ್ಬಿಗಳ ಬೆಸುಗೆಯಿಂದ ಸೀಸ ತೆಗೆದ ಮೇಲೆ ಇಂದು ಅದು ಒಂದಕ್ಕಿಂತ ಕಡಿಮೆ.

ನಮ್ಮಲ್ಲಿ ಈ ವಿಷಯದ ಕಡೆಗೆ ದೇಶದ ಗಮನ ಸೆಳೆದದ್ದು ಬೆಂಗಳೂರು. ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ರಕ್ತಪರೀಕ್ಷೆ ಮಾಡಿಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೇಲಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ಜನರನ್ನು ಎಚ್ಚರಿಸುವುದನ್ನೇ ತಮ್ಮ ಜೀವನದ ಕೆಲಸ ಮಾಡಿಕೊಂಡರು. 2000ದಲ್ಲಿ ದೇಶಾದ್ಯಂತ ಸೀಸದ ಪೆಟ್ರೋಲ್ ನಿಂತಿತು.

ಆದರೆ ಕೆಲಸ ಮುಗಿಯಲಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಜೊತೆಯಾಗಿ ಹೊರತಂದ ವರದಿಯ ಅಂದಾಜಿನಂತೆ, ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮೀರಿದೆ. ಭಾರತದಲ್ಲಿ ಅಂಥ ಮಕ್ಕಳು ಸುಮಾರು 27 ಕೋಟಿ.

ಎಲ್ಲೆಲ್ಲಿ ನೋಡಬೇಕು?

ಮೊದಲನೆಯದು ಬಣ್ಣ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಕಿಲೋಗೆ 90 ಮಿಲಿಗ್ರಾಂ ಮೀರಬಾರದು ಎಂಬ ಕೇಂದ್ರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಇದು ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ. ಕೈಗಾರಿಕೆಗೆ ಬಳಸುವ ಬಣ್ಣ ಇದರ ಹೊರಗೆ ಉಳಿದಿದೆ. ಜಾರುಬಂಡಿ, ಜೋಕಾಲಿ, ಗೇಟು, ಮಂಚಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವಾಗ ಅಲ್ಲಿ ಯಾವ ಡಬ್ಬಿಯ ಬಣ್ಣ ಹಚ್ಚುತ್ತಾರೆ ಎಂದು ಕೇಳುವವರು ಕಡಿಮೆ. 2017ಕ್ಕಿಂತ ಹಿಂದೆ ಹಚ್ಚಿದ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಎನಾಮಲ್‌ಗಳಲ್ಲಿ ಸೀಸವಿರುವ ಸಾಧ್ಯತೆ ಇದ್ದೇ ಇದೆ.

ಎರಡನೆಯದು ಅಡುಗೆಮನೆ. ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿ ಶುದ್ಧ ತವರದ್ದಾಗಿರಬೇಕು. ತವರ ದುಬಾರಿ, ಸೀಸ ಅಗ್ಗ. ಸೀಸ ಬೆರೆತ ಕಲಾಯಿಯ ಪಾತ್ರೆಯಲ್ಲಿ ಹುಳಿ, ಸಾರು, ಮಜ್ಜಿಗೆ ಇಟ್ಟರೆ ಸೀಸ ಬಿಡುತ್ತದೆ. ಗುಜರಿ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ದ ಪಾತ್ರೆಗಳಿಂದಲೂ ಸೀಸ ಬಿಡುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಸ್ಟೀಲಿನ ಪಾತ್ರೆಯಲ್ಲಿ ಈ ಭಯವಿಲ್ಲ.

ಮೂರನೆಯದು ಅರಿಶಿನ. ಕೊಂಬಿಗೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಪುಡಿ ಬೆರೆಸುವ ದುರಾಸೆಯವರಿದ್ದಾರೆ. ನಮ್ಮ ಆಹಾರ ಕಾಯ್ದೆ ಇದನ್ನು ನಿಷೇಧಿಸಿದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ 47 ಶೇಕಡಾ ಕಲಬೆರಕೆಯಾಗಿದ್ದವು. ಸರ್ಕಾರ ಸಗಟು ಮಾರುಕಟ್ಟೆಯಲ್ಲಿ ದಾಳಿ ಮಾಡಿ ದಂಡ ಹಾಕಿ, ಪತ್ರಿಕೆಗಳಲ್ಲಿ ಪ್ರಚಾರ ಮಾಡಿದ ಮೇಲೆ 2021ರಲ್ಲಿ ಅದು ಸೊನ್ನೆಗೆ ಇಳಿಯಿತು. ಚಾಮರಾಜನಗರ, ಬೆಳಗಾವಿ ಜಿಲ್ಲೆಗಳಲ್ಲಿ ಅರಿಶಿನ ಬೆಳೆಯುವ ರೈತರು ನಮ್ಮವರೇ ಇದ್ದಾರೆ. ಹೊಳಪಿಲ್ಲದ ಕೊಂಬನ್ನು ಅವರಿಂದಲೇ ತಂದು ಗಿರಣಿಯಲ್ಲಿ ಬೀಸಿಸಿದರೆ ರೈತನಿಗೂ ಬೆಲೆ, ಮಕ್ಕಳಿಗೂ ಕ್ಷೇಮ.

ನಾಲ್ಕನೆಯದು ಬ್ಯಾಟರಿ. ಇನ್ವರ್ಟರಿನ, ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯನ್ನು ನಾಲ್ಕು ಕಾಸು ಹೆಚ್ಚು ಸಿಗುತ್ತದೆ ಎಂದು ಬೀದಿಯ ಗುಜರಿಗೆ ಹಾಕಬಾರದು. ಅಧಿಕೃತ ಮಾರಾಟಗಾರರಿಗೇ ಮರಳಿಸಿ ರಸೀದಿ ಪಡೆಯಬೇಕು. ಅಂಗಳದಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸಿದರೆ ಆ ಓಣಿಯ ಮಣ್ಣು ವರ್ಷಗಟ್ಟಲೆ ವಿಷವಾಗಿ ಉಳಿಯುತ್ತದೆ.

ಇವಲ್ಲದೆ ಮಕ್ಕಳ ಕಣ್ಣಿಗೆ ಹಚ್ಚುವ ಸುರ್ಮಾ ಇದೆ. ಮನೆಯಲ್ಲಿ ದೀಪದ ಮಸಿಯಿಂದ ಮಾಡಿದ ಕಾಡಿಗೆ ಬೇರೆ, ಅದಿರಿನ ಕಲ್ಲು ಅರೆದು ಮಾಡಿದ ಸುರ್ಮಾ ಬೇರೆ. ಎರಡನೆಯದು ಸೀಸದ ಅದಿರೇ ಆಗಿರಬಹುದು. ಹಳೆಯ ನಲ್ಲಿ, ಹಳೆಯ ಪೈಪು ಇರುವಲ್ಲಿ ರಾತ್ರಿಯಿಡೀ ನಿಂತ ನೀರನ್ನು ಬೆಳಗ್ಗೆ ಸ್ವಲ್ಪ ಹೊತ್ತು ಹರಿಯಬಿಟ್ಟು ಆಮೇಲೆ ಕುಡಿಯಲು ಹಿಡಿಯಬೇಕು. ಹರಿದ ನೀರು ಪಾತ್ರೆ ತೊಳೆಯುವುದಕ್ಕಾದರೂ ಆಗುತ್ತದೆ.

ಮಠಗಳನ್ನೇ ಏಕೆ ಕೇಳುತ್ತಿದ್ದೇನೆ?

ನಮ್ಮ ಮಠಗಳು ಶಿಶುವಿಹಾರ, ಶಾಲೆ, ಪ್ರಸಾದ ನಿಲಯಗಳನ್ನು ನಡೆಸುತ್ತವೆ. ದಾಸೋಹಕ್ಕೆ ಮೂಟೆಗಟ್ಟಲೆ ಅರಿಶಿನ, ಹತ್ತಾರು ಹಂಡೆ ಕೊಪ್ಪರಿಗೆ ಕೊಳ್ಳುತ್ತವೆ. ವರ್ಷವೂ ಒಂದಲ್ಲ ಒಂದು ಕಟ್ಟಡಕ್ಕೆ ಬಣ್ಣ ಹಚ್ಚಿಸುತ್ತವೆ. ಇಷ್ಟು ದೊಡ್ಡ ಗಿರಾಕಿ "ಇದರಲ್ಲಿ ಸೀಸ ಇದೆಯೇ?" ಎಂದು ಒಮ್ಮೆ ಕೇಳಿದರೆ ಅಂಗಡಿಯವನು ಉತ್ತರ ಹುಡುಕಲೇಬೇಕು. ಬಡ ತಂದೆಯೊಬ್ಬ ಕೇಳಿದರೆ ಅವನು ನಕ್ಕು ಸುಮ್ಮನಾಗುತ್ತಾನೆ.

ಹೀಗೆ ಮಾಡಬಹುದು. ಬಣ್ಣದ ಗುತ್ತಿಗೆಯ ಕಾಗದದಲ್ಲಿ "ಪ್ರೈಮರ್ ಸೇರಿ ಎಲ್ಲ ಬಣ್ಣವೂ 90 ಪಿಪಿಎಂ ಒಳಗಿನದು" ಎಂಬ ಒಂದು ಸಾಲು ಸೇರಿಸಬೇಕು, ಡಬ್ಬಿಯ ಮೇಲೆ ಅದೇ ಬರೆದಿದೆಯೇ ಎಂದು ಸಮಿತಿಯವರು ಓದಿ ನೋಡಬೇಕು. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಕೆರೆಯುವುದೇ ಬೇಡ. ತೊಳೆದು ಮೇಲೆ ಹೊಸ ಲೇಪ ಕೊಟ್ಟರೆ ಸಾಕು. ಚಕ್ಕೆ ಏಳುತ್ತಿದ್ದರೆ, ಅಥವಾ ಬಾಗಿಲು ಕಿಟಕಿಗಳು ಉಜ್ಜಿ ಪುಡಿಯಾಗುತ್ತಿದ್ದರೆ, ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೆರೆದದ್ದನ್ನು ಕಟ್ಟಿ ಬೇರೆಯಾಗಿ ಇಡಬೇಕು. ಆ ದಿನಗಳಲ್ಲಿ ಮಕ್ಕಳೂ ಬಸುರಿಯರೂ ಆ ಕಟ್ಟಡದಲ್ಲಿ ಇರಕೂಡದು. ಕೆಲಸದ ಹುಡುಗರಿಗೆ ಮುಖಗವಸು ಕೊಟ್ಟು, ಮನೆಗೆ ಹೋಗುವ ಮುಂಚೆ ಬಟ್ಟೆ ಬದಲಿಸಿ ಮೈ ತೊಳೆಯಲು ನೀರಿನ ವ್ಯವಸ್ಥೆ ಮಾಡಬೇಕು. ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಮಕ್ಕಳಿರುವ ಕೋಣೆಯನ್ನು ಒಣ ಕಸಬರಿಗೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಪ್ರಸಾದಕ್ಕೆ ಮೊದಲು ಕೈ ತೊಳೆಸಬೇಕು. ಕಬ್ಬಿಣದ ಅಂಶ, ಕ್ಯಾಲ್ಸಿಯಂ ಕಡಿಮೆಯಿರುವ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಮಂದಿಗೆ ರಕ್ತಹೀನತೆಯಿದೆ. ರಾಗಿ, ಹಾಲು, ನುಗ್ಗೆಸೊಪ್ಪು, ಕಾಳು, ನಿಂಬೆಹಣ್ಣು ದಾಸೋಹದ ಅಡುಗೆಯಲ್ಲಿದ್ದರೆ ಅದು ಈ ವಿಷಕ್ಕೂ ತಡೆ.

ಸರ್ಕಾರವನ್ನೂ ಎರಡು ವಿಷಯ ಕೇಳಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ರಕ್ತದ ಸೀಸದ ಪರೀಕ್ಷೆ ಉಚಿತವಾಗಿ ಸಿಗಬೇಕು. 90 ಪಿಪಿಎಂ ಮಿತಿ ಎಲ್ಲ ಬಣ್ಣಗಳಿಗೂ ಅನ್ವಯಿಸಬೇಕು. ಪೂಜ್ಯರ ಬಾಯಿಂದ ಬಂದ ಮನವಿಗೆ ಇರುವ ತೂಕ ನಿವೃತ್ತನೊಬ್ಬನ ಅರ್ಜಿಗೆ ಇರುವುದಿಲ್ಲ ಎಂಬುದನ್ನು ನೌಕರಿಯ ಅನುಭವದಿಂದಲೇ ಹೇಳುತ್ತಿದ್ದೇನೆ.

ನಮ್ಮೂರ ಮಠದಲ್ಲಿ ಮುಂದೇನಾಯಿತು ಎಂದು ಹೇಳಿ ಮುಗಿಸುತ್ತೇನೆ. ಆ ಸಂಜೆ ಪೂಜ್ಯರ ಹತ್ತಿರ ಹೋಗಿ ಇದೇ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಅವರು ಕೇಳಿದ್ದು ಒಂದೇ: "ಮಕ್ಕಳನ್ನು ಎಷ್ಟು ದಿನ ಬೇರೆ ಕಡೆ ಕೂಡಿಸಬೇಕು?" ಹತ್ತು ದಿನ ಎಂದೆ. ಮರುದಿನದಿಂದಲೇ ಶಿಶುವಿಹಾರ ಸಭಾಭವನಕ್ಕೆ ಹೋಯಿತು. ಬಾಗಿಲು ಕಿಟಕಿಗಳನ್ನು ಒದ್ದೆ ಮಾಡಿ ಕೆರೆದರು, ನೆಲವನ್ನು ಎರಡು ಬಾರಿ ಒರೆಸಿದರು. ಖರ್ಚು ಸ್ವಲ್ಪ ಏರಿತು. ಬಣ್ಣದ ಕೆಲಸ ಬಸವ ಜಯಂತಿಗೆ ಮುಗಿಯಲಿಲ್ಲ, ಆಮೇಲೆ ಮುಗಿಯಿತು. ಖಜಾಂಚಿಗಳು ಬಿಲ್ಲಿಗೆ ಸಹಿ ಹಾಕುವಾಗ ಗೊಣಗಿದರು. ಆದರೆ ಹೋದ ವಾರ ಅವರೇ ಫೋನ್ ಮಾಡಿ, "ಮೊಮ್ಮಗಳಿಗೆ ಒಂದು ಮಂಚ ಮಾಡಸಾಕತ್ತೇನಿ. ಅದಕ್ಕ ಯಾವ ಬಣ್ಣ ಹೇಳಲಿ ಸಾಹೇಬ್ರ?" ಎಂದು ಕೇಳಿದರು.

ಜೂನ್ ಬರುವ ಮೊದಲು ಊರೂರಲ್ಲಿ ಶಾಲೆಗಳಿಗೆ ಬಣ್ಣ ಬೀಳುತ್ತದೆ. ನಿಮ್ಮೂರ ಸಮಿತಿಯ ಸಭೆಯಲ್ಲಿ ಯಾವ ಬಣ್ಣ ಎಂಬ ಮಾತು ಬಂದಾಗ, ಅದರಲ್ಲಿ ಸೀಸ ಎಷ್ಟು ಎಂದೂ ಒಬ್ಬರು ಕೇಳಿ. ಆ ಒಬ್ಬರು ನೀವೇ ಆಗಿರಿ.